ರಾಯಬಾಗದ ಮರುದಿನ

ನಮ್ಮ ಮನೆಯಲ್ಲಿ ದಿನಗಳಿಗೆ ಸೋಮ, ಮಂಗಳ ಎಂಬ ಹೆಸರುಗಳಿಲ್ಲ, ಊರುಗಳಿವೆ. ಅಬ್ಬಾ, ಅಮ್ಮೀ ಮತ್ತು ನನ್ನ ಅಣ್ಣ ಸಂತೆಯಿಂದ ಸಂತೆಗೆ ಹೋಗಿ ರೆಡಿಮೇಡ್ ಬಟ್ಟೆ ಮಾರುವವರು. ಹಾಗಾಗಿ ಒಂದು ದಿನ ಅಥಣಿ, ಒಂದು ದಿನ ಚಿಕ್ಕೋಡಿ, ಒಂದು ದಿನ ಕಾಗವಾಡ, ಒಂದು ದಿನ ರಾಯಬಾಗ. ಶುಕ್ರವಾರಕ್ಕೆ ಮಾತ್ರ ಅದರ ಹೆಸರು ಉಳಿದಿದೆ, ಅಂದು ಅಬ್ಬಾ ಮಸೀದಿಗೆ ಹೋಗುತ್ತಾರೆ. ‘ಅಥಣಿಗೆ ಜ್ವರ ಬಂತು, ಚಿಕ್ಕೋಡಿಗೆ ಬಿಡ್ತು’ ಎಂದು ಅಮ್ಮೀ ಹೇಳಿದರೆ, ಗೊತ್ತಿಲ್ಲದವರು ಈ ಹೆಂಗಸು ಜ್ವರ ಹೊತ್ತುಕೊಂಡು ಊರೂರು ಯಾಕೆ ತಿರುಗಿದಳು ಎಂದುಕೊಳ್ಳುತ್ತಾರೆ. ನಾನು ಹುಟ್ಟಿದ್ದು ಯಾವ ದಿನ ಎಂದು ಕೇಳಿದರೆ ಕಾಗವಾಡ ಎಂಬ ಉತ್ತರ ಬರುತ್ತದೆ. ಹುಟ್ಟಿದ್ದು ಮಾತ್ರ ಐನಾಪುರದ ಇದೇ ಮನೆಯಲ್ಲಿ.

ರಾಯಬಾಗ ಆದ ಮೇಲೆ ಎರಡು ದಿನ ಸಂತೆಯಿಲ್ಲ. ಮೊದಲನೆಯದು ಖಾಲಿ ದಿನ. ಉಳಿದ ಬಟ್ಟೆಯನ್ನೆಲ್ಲ ಪಡಸಾಲೆಯಲ್ಲಿ ಸುರಿದು, ಮಡಚಿ, ಮತ್ತೆ ಗಂಟು ಕಟ್ಟುವ ದಿನ ಅದು. ಎರಡನೆಯದು ಇಚಲಕರಂಜಿ, ಹೊಸ ಮಾಲು ತರಲು ಹೋಗುವ ದಿನ. ಮನೆಯಲ್ಲಿ ಸಂಬಳ ತರುವವಳು ನಾನೊಬ್ಬಳೇ, ಊರಿನ ಶಾಲೆಯಲ್ಲಿ ಶಿಕ್ಷಕಿ. ಶಾಲೆ ಇರುವಷ್ಟು ದಿನ ನನಗೆ ತಾರೀಖು ಗೊತ್ತಿರುತ್ತದೆ. ಬೇಸಿಗೆ ರಜೆ ಬಂತೆಂದರೆ ನಾನೂ ಊರುಗಳ ಲೆಕ್ಕಕ್ಕೇ ಬಂದುಬಿಡುತ್ತೇನೆ. ಬೇಸಿಗೆಯಲ್ಲಿ ನನಗೆ ಸಿಟ್ಟೂ ಬೇಗ ಬರುತ್ತದೆ. ಮಳೆಗಾಲದಲ್ಲಿ ಬರುವುದಿಲ್ಲವೇ ಎಂದು ಅಣ್ಣನ ಹೆಂಡತಿ, ಅಂದರೆ ನನ್ನ ಭಾಬಿ, ಕೇಳುತ್ತಿರುತ್ತಾಳೆ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಬಾರದು.

ಮೇ ತಿಂಗಳ ಒಂದು ಖಾಲಿ ದಿನ. ಎಲ್ಲರೂ ನೆಲದ ಮೇಲೆ ಕುಳಿತು ಬಟ್ಟೆ ಮಡಚುತ್ತಿದ್ದೆವು. ಅಣ್ಣನ ಮಗಳು, ಹನ್ನೆರಡರ ಹುಡುಗಿ, ಒಂದು ಫ್ರಾಕು ಮಡಚಿ ಹತ್ತು ವಿಡಿಯೊ ನೋಡುವವಳು. ನಾನು ಫೋನು ಕಸಿದುಕೊಳ್ಳಲು ಎದ್ದೆ. ಅಷ್ಟರಲ್ಲಿ ಅವಳು ಅದನ್ನು ಅಮ್ಮೀಯ ಮುಖದ ಮುಂದೆ ಹಿಡಿದಿದ್ದಳು. ಕೊಲ್ಹಾಪುರದ ಆಚೆ ಘಾಟಿನ ಮೇಲೆ ಹೊಸದಾಗಿ ಒಂದು ಸಾಹಸ ಪಾರ್ಕು ಆಗಿದೆಯಂತೆ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಉಕ್ಕಿನ ಹಗ್ಗ ಎಳೆದಿದ್ದಾರೆ. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡ ಜನ ಆ ಹಗ್ಗಕ್ಕೆ ಜೋತುಬಿದ್ದು ಕಣಿವೆಯ ಮೇಲೆ ಸರ್ರನೆ ಜಾರುತ್ತಾರೆ, ಜಾರುವಾಗ ಕಿರುಚುತ್ತಾರೆ.

ಅಮ್ಮೀ ಕೈಯಲ್ಲಿದ್ದ ನೈಟಿಯನ್ನು ನನ್ನ ಮಡಿಲಿಗೆ ಹಾಕಿದಳು. ‘ಇನ್ನೊಮ್ಮೆ ತೋರಸು’ ಅಂದಳು. ನೋಡಿದಳು. ಮತ್ತೊಮ್ಮೆ ತೋರಿಸಲು ಹೇಳಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಮದುವೆಯ ಮಾತು ಆಡುವವರ ಹಾಗೆ ಎಲ್ಲರಿಗೂ ಕೇಳುವಂತೆ ಹೇಳಿದಳು.

‘ಇಲ್ಲಿಗೆ ಹೋಗೂಣು. ಈ ಸಲ ನಾ ಚಪ್ಪಲಿ ಕಾಯಂಗಿಲ್ಲ. ಹಗ್ಗದ ಮ್ಯಾಲ ಹೋಗಾಕಿ.’

ಚಪ್ಪಲಿಯ ಮಾತು ಸುಮ್ಮನೆ ಬಂದದ್ದಲ್ಲ. ನಾವು ಎಲ್ಲಿಗೇ ಹೋದರೂ, ಕೃಷ್ಣಾ ನದಿಯ ದಂಡೆಗೆ ಹೋಗಲಿ, ಪನ್ಹಾಳದ ಕೋಟೆಗೆ ಹೋಗಲಿ, ಒಂದು ಮರದ ನೆರಳು ನೋಡಿ ಅಮ್ಮೀ ಕುಳಿತುಬಿಡುತ್ತಾಳೆ. ಅವಳ ಸುತ್ತ ನಮ್ಮೆಲ್ಲರ ಚೀಲ, ಚಪ್ಪಲಿ, ನೀರಿನ ಬಾಟಲಿ. ನಾವು ಕುಣಿದು ಬಂದು ‘ಅಮ್ಮೀ, ಭಾಳ ಚಲೋ ಐತಿ’ ಎನ್ನುತ್ತೇವೆ, ಅವಳು ‘ಹೌದೇನ’ ಎನ್ನುತ್ತಾಳೆ. ಪನ್ಹಾಳಕ್ಕೆ ನಾಲ್ಕು ಸಲ ಹೋಗಿ ಬಂದ ನನ್ನ ತಾಯಿ ಅಲ್ಲಿ ಕಂಡಿರುವುದು ಒಂದು ಹುಣಸೆ ಮರವನ್ನು. ಸಂತೆಯಲ್ಲೂ ಅಷ್ಟೇ, ಬಿಸಿಲಿರಲಿ, ಮಳೆಯಿರಲಿ, ಮಾಲಿನ ಹತ್ತಿರ ಅಮ್ಮೀ ಕುಳಿತಿರಬೇಕು. ಯಾರೂ ಅವಳಿಗೆ ಕೂರು ಎಂದು ಹೇಳಿದ್ದಿಲ್ಲ. ಅವಳು ಕೂರುತ್ತಾಳೆ, ನಾವು ಹೋಗುತ್ತೇವೆ. ಅದು ಅಷ್ಟು ರೂಢಿಯಾಗಿತ್ತೆಂದರೆ, ಅವಳ ಮಾತು ಕೇಳಿ ಪಡಸಾಲೆಯಲ್ಲಿ ಬಟ್ಟೆ ಮಡಚುವುದೇ ನಿಂತುಹೋಯಿತು.

ಅಬ್ಬಾ ಮೊದಲು ಬಾಯಿ ಬಿಟ್ಟರು. ‘ಮತ್ತ ಸಾಮಾನ ಯಾರ ಕಾಯವ್ರು?’

‘ಸಾಮಾನ ಒಯ್ಯೂದ ಬ್ಯಾಡ’ ಅಂದಳು ಅಮ್ಮೀ.

ಭಾಬಿ ಬೆಚ್ಚಿಬಿದ್ದಳು. ಅವಳು ಮನಸ್ಸಿನಲ್ಲಿ ಆಗಲೇ ಬುತ್ತಿ ಕಟ್ಟತೊಡಗಿದ್ದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಟ್ಟೆ ಪಲ್ಯ, ಮೇಲೊಂದು ಡಬ್ಬಿ ಮೊಸರು. ಹುಡುಗಿ ಫೋನಿನಲ್ಲಿ ನಿಯಮ ಓದಿ, ಹೊರಗಿನ ಊಟ ಒಳಗೆ ಬಿಡುವುದಿಲ್ಲವಂತೆ ಎಂದಳು. ‘ಹೊರಗಿಂದಲ್ಲ, ಇದು ಮನೀದ ಐತಿ’ ಎಂದು ಭಾಬಿ ರೇಗಿದಳು. ಅಬ್ಬಾನಿಗೆ ನಿಯಮಗಳ ಮೇಲೆ ಆಸೆ ಹುಟ್ಟಿತು. ‘ಇನ್ನೇನೇನ ಬರದಾರ, ಓದವಾ’ ಅಂದರು. ಹುಡುಗಿ ಓದಿದಳು. ಸೀರೆ, ದುಪಟ್ಟಾ, ಸಡಿಲ ಬಟ್ಟೆ ಧರಿಸಿದವರನ್ನು ಹಗ್ಗಕ್ಕೆ ಬಿಡುವುದಿಲ್ಲ.

ಅಬ್ಬಾನ ಮುಖ ಬೆಳಗಿತು. ಅಮ್ಮೀ ಹುಟ್ಟಿದಾಗಿನಿಂದ ಸೀರೆ ಉಟ್ಟುಕೊಂಡೇ ಬಂದಿದ್ದಾಳೆ ಎಂಬಂತೆ ಅವರು ಮಾತು ಮುಗಿಸಿ ಗಂಟು ಕಟ್ಟತೊಡಗಿದರು. ಅಮ್ಮೀ ಪಡಸಾಲೆಯ ತುಂಬ ಬಿದ್ದಿದ್ದ ಮಾಲಿನ ಮೇಲೆ ಕಣ್ಣು ಹಾಯಿಸಿದಳು. ಅವಳ ಎಡಗೈ ಪಕ್ಕದಲ್ಲೇ ಟ್ರ್ಯಾಕ್ ಪ್ಯಾಂಟಿನ ರಾಶಿ ಇತ್ತು.

ಇಲ್ಲೊಂದು ಮಾತು ಹೇಳಬೇಕು. ಸಂತೆಯಲ್ಲಿ ಬಟ್ಟೆ ಹಾಕಿ ನೋಡಲು ಮರೆ ಇರುವುದಿಲ್ಲ. ಅದಕ್ಕೆ ನಮ್ಮ ಅಂಗಡಿಯ ರಿವಾಜು ಏನೆಂದರೆ, ಅಂದಾಜಿನ ಮೇಲೆ ಒಯ್ಯಿರಿ, ಸೈಜ್ ಆಗದಿದ್ದರೆ ಮುಂದಿನ ಸಂತೆಗೆ ತಂದು ಬದಲಿ ಮಾಡಿಕೊಳ್ಳಿ. ಚೀಟಿ ಇಲ್ಲ, ಸಾಕ್ಷಿ ಇಲ್ಲ, ತಕರಾರಿಲ್ಲ. ಅಬ್ಬಾ ಕೇಳುವುದು ಒಂದೇ ಮಾತು, ‘ಸಣ್ಣದಾತೋ ದೊಡ್ಡದಾತೋ?’ ಅಂಗಡಿಯ ಕೂಗೂ ಇದರ ಮೇಲೆಯೇ ನಿಂತಿದೆ. ಅದರಲ್ಲಿ ಎರಡು ಪಾಲು. ಅಮ್ಮೀ ‘ಬರ್ರೆವಾ ಬರ್ರೀ, ನೋಡಾಕೇನ ರೊಕ್ಕ ಇಲ್ರೀ’ ಎಂದು ಕೂಗಬೇಕು, ಅದು ಮುಗಿಯುವುದರೊಳಗೆ ಅಬ್ಬಾ ‘ಒಯ್ದ ನೋಡ್ರೀ, ಆಗದಿದ್ರ ಬದಲಿ ಐತ್ರೀ’ ಎಂದು ಎತ್ತಿಕೊಳ್ಳಬೇಕು. ಚಿಕ್ಕಂದಿನಲ್ಲಿ ನನಗೆ ಇದರಿಂದ ಎಷ್ಟು ನಾಚಿಕೆಯಾಗುತ್ತಿತ್ತೆಂದರೆ, ಗೆಳತಿಯರ ಜೊತೆ ಸಂತೆಗೆ ಹೋದಾಗ ನಮ್ಮ ಅಂಗಡಿಯ ಸಾಲನ್ನೇ ಬಿಟ್ಟು ಈರುಳ್ಳಿ ಸಾಲಿನಿಂದ ಸುತ್ತಿಕೊಂಡು ಹೋಗುತ್ತಿದ್ದೆ.

ಅಮ್ಮೀ ಒಂದು ಕರಿ ಟ್ರ್ಯಾಕ್ ಪ್ಯಾಂಟು ಎತ್ತಿಕೊಂಡು ಒಳಕೋಣೆಗೆ ಹೋದಳು. ಭಾಬಿಯೂ ನಾನೂ ಹಿಂದೆಯೇ ಹೋದೆವು. ಗಿರಾಕಿ ಇನ್ನೂ ಬೆಲ್ಲದ ಅಂಗಡಿಯ ಹತ್ತಿರ ಇರುವಾಗಲೇ ಅವಳ ಸೈಜು ಹೇಳಿ ತೆಗೆದಿಡುವವಳು ನನ್ನ ತಾಯಿ. ಅಥಣಿಯಿಂದ ಚಿಕ್ಕೋಡಿಯವರೆಗಿನ ಹೆಂಗಸರ ಅಳತೆಯೆಲ್ಲ ಅವಳ ಕಣ್ಣಲ್ಲಿದೆ. ತನಗಾಗಿ ಎತ್ತಿಕೊಂಡದ್ದು ಮಾತ್ರ ಎಲ್ ಸೈಜು. ಅದು ಮೊಳಕಾಲು ದಾಟಲಿಲ್ಲ.

‘ಸಿಕ್ಕೊಂತೇನ, ಅಮ್ಮೀ?’ ಎಂದು ನಾನು ಕೇಳಿದೆ.

‘ಮಾಲ ಖೋಟಾ ಐತಿ’ ಅಂದಳು ಅಮ್ಮೀ.

‘ನೀವ ಆರಿಸಿ ತಂದಿದ್ದಲ್ರೀ’ ಎಂದು ಭಾಬಿ ಅಂದದ್ದೇ ತಡ, ಮೂವರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದೆವು. ಕಾಲು ಸಿಕ್ಕಿಕೊಂಡಿದ್ದ ಅಮ್ಮೀ ನಗುತ್ತಲೇ ಮಂಚದ ಮೇಲೆ ಬಿದ್ದಳು. ನಾನೊಂದು ಕಾಲು, ಭಾಬಿಯೊಂದು ಕಾಲು ಹಿಡಿದು ಎಳೆದೆವು. ಹೊರಗಿನಿಂದ ಅಬ್ಬಾ ‘ಒಳಗ ಏನ ನಡದೈತಿ?’ ಎಂದು ಕೂಗಿದರು. ‘ಮಾಲ ನೋಡಾಕತ್ತೇವಿ’ ಎಂದು ಅಮ್ಮೀ ಮಲಗಿದಲ್ಲಿಂದಲೇ ಉತ್ತರ ಕೊಟ್ಟಳು. ಕೊನೆಗೆ ಡಬಲ್ ಎಕ್ಸೆಲ್ ಸರಿಯಾಯಿತು. ಭಾಬಿಯ ಉದ್ದನೆ ಟಾಪು ಮೇಲೆ ಹಾಕಿ, ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಎರಡು ಬಿಳಿ ಪಟ್ಟಿಯ ಟ್ರ್ಯಾಕ್ ಪ್ಯಾಂಟಿನಲ್ಲಿ ಅಮ್ಮೀ ಪಡಸಾಲೆಗೆ ಬಂದಳು. ಎರಡು ಕಾಲಿಗೂ ಬೇರೆ ಬೇರೆ ಬಟ್ಟೆ ಇರುವುದು ಅವಳಿಗೆ ಹೊಸದು, ಹೆಜ್ಜೆಯನ್ನು ದೂರ ದೂರ ಇಡುತ್ತಿದ್ದಳು.

ಅಬ್ಬಾ ತಲೆಯೆತ್ತಿ ನೋಡಿದರು. ‘ಡಬಲ್ ಎಕ್ಸೆಲ್’ ಅಂದರು. ಆಮೇಲೆ ಆಗಲೇ ಮಡಚಿಟ್ಟಿದ್ದ ಫ್ರಾಕೊಂದನ್ನು ಬಿಚ್ಚಿ ಮತ್ತೆ ಮಡಚತೊಡಗಿದರು. ಅವರ ಕಿವಿ ಕೆಂಪಾಗಿದ್ದನ್ನು ಅಣ್ಣ ನನಗೆ ಕಣ್ಣಲ್ಲೇ ತೋರಿಸಿದ.

ಫ್ರಾಕು ಮಡಚಿಯಾದ ಮೇಲೆ ಅವರು ಗಂಟಲು ಸರಿಮಾಡಿಕೊಂಡರು. ‘ಆತು. ಆದ್ರ ಮೊದಲ ನಾ ಹೋಗಾವ. ಹಗ್ಗ ಗಟ್ಟಿ ಐತೋ ಇಲ್ಲೋ ನೋಡಿ ಹೇಳ್ತೇನಿ, ಆಮ್ಯಾಲ ನೀ ಹೋಗು.’

ನಾವೆಲ್ಲ ತುಟಿ ಕಚ್ಚಿಕೊಂಡೆವು. ಅಬ್ಬಾನಿಗೆ ಎತ್ತರವೆಂದರೆ ಆಗದು. ನಮ್ಮ ವ್ಯಾನಿನ ಮೇಲೆ ಗಂಟುಗಳನ್ನು ಹೇರಿ ಹಗ್ಗ ಬಿಗಿಯಲು ಮೇಲೆ ಹತ್ತುವವಳು ಯಾವಾಗಲೂ ಅಮ್ಮೀ. ಅಬ್ಬಾ ಕೆಳಗೆ ನಿಂತು ‘ಹುಷಾರ, ಹುಷಾರ’ ಅನ್ನುವವರು. ಆದರೂ ಅಂದು ಯಾರೂ ಆ ಮಾತು ಎತ್ತಲಿಲ್ಲ. ಒಪ್ಪಿಗೆ ಸಿಕ್ಕಿತ್ತು, ಅದನ್ನು ಯಾರು ಕೆಡಿಸುತ್ತಾರೆ?

ಟಿಕೆಟ್ಟಿನ ಜವಾಬ್ದಾರಿ ನನ್ನದು. ‘ಯಾವ ದಿನ ತಗೋಲಿ, ಅಬ್ಬಾ?’ ಎಂದೆ. ‘ಮುಂದಿನ ರಾಯಬಾಗದ ಮರುದಿನ’ ಅಂದರು. ಖಾಲಿ ದಿನ, ಸರಿ. ಕ್ಯಾಲೆಂಡರ್ ನೋಡಿ, ರಾಯಬಾಗ ಹುಡುಕಿ, ಅದರ ಮರುದಿನದ ತಾರೀಖು ಒತ್ತಿದೆ. ಆರು ಜನ, ಆರು ಹಗ್ಗ. ಟಿಕೆಟ್ಟಿನ ಚಿತ್ರ ಫೋನಿಗೆ ಬಂತು. ಅದನ್ನು ಎಲ್ಲರಿಗೂ ತೋರಿಸಿದೆ. ಅದರಲ್ಲೊಂದು ಹಸಿರು ಗುಡ್ಡ, ಗುಡ್ಡದ ಮೇಲೆ ಮೋಡ. ಎಲ್ಲರೂ ಗುಡ್ಡವನ್ನೇ ನೋಡಿದರು. ಮೂಲೆಯಲ್ಲಿ ಸಣ್ಣಗೆ ಬರೆದಿದ್ದ ತಾರೀಖನ್ನು ನೋಡುವ ಮನುಷ್ಯರು ಆ ಮನೆಯಲ್ಲಿರಲಿಲ್ಲ.

ಆ ನಡುವಿನ ದಿನಗಳಲ್ಲಿ ಮನೆ ಮನೆಯಾಗಿ ಉಳಿಯಲಿಲ್ಲ. ಅಮ್ಮೀ ರೂಢಿಯಾಗಲಿ ಎಂದು ಸೀರೆಯ ಒಳಗೆ ಲಂಗದ ಬದಲು ಟ್ರ್ಯಾಕ್ ಪ್ಯಾಂಟು ಹಾಕಿಕೊಂಡೇ ಸಂತೆಗೆ ಹೋಗತೊಡಗಿದಳು. ವ್ಯಾನಿನ ಮೇಲೆ ಹತ್ತುವ ವೇಗವೇ ಬೇರೆಯಾಯಿತು. ಅಥಣಿಯಲ್ಲಿ ಗಿರಾಕಿಗಳಿಗೆಲ್ಲ ಸುದ್ದಿ ಹೇಳಿಬಂದಳು. ಕೊಕಟನೂರಿನ ಹೆಣ್ಣುಮಗಳೊಬ್ಬಳು ‘ಯಲ್ಲವ್ವ ಕಾಯ್ತಾಳ, ಹೋಗಿ ಬರ್ರಿ’ ಎಂದು ಸೆರಗಿನ ಗಂಟಿನಲ್ಲಿದ್ದ ಭಂಡಾರವನ್ನು ಅಮ್ಮೀಯ ಹಣೆಗೆ ಹಚ್ಚಿದಳು. ಹಳದಿ ಹಣೆಯಲ್ಲೇ ಅಮ್ಮೀ ಮನೆಗೆ ಬಂದಳು. ಅಬ್ಬಾ ಅದನ್ನು ನೋಡಿ ‘ಒಳ್ಳೇದ ಆತು, ಎಲ್ಲಾರೂ ಕಾಯಲಿ’ ಅಂದರು.

ಅಣ್ಣನ ಕೆಲಸ ಸೋಫಾದ್ದು. ನಮ್ಮ ವ್ಯಾನಿಗೆ ಹಿಂದಿನ ಸೀಟುಗಳಿಲ್ಲ. ಮಾಲು ಹೇರಲು ಜಾಗ ಬೇಕೆಂದು ವರ್ಷಗಳ ಹಿಂದೆಯೇ ಬಿಚ್ಚಿದ್ದರು. ಬಿಚ್ಚಿದ ಸೀಟಿಗೆ ಭಾಬಿ ಹೂವಿನ ಕವರು ಹೊಲಿದು ಪಡಸಾಲೆಯಲ್ಲಿಟ್ಟು ಸೋಫಾ ಎಂದು ಹೆಸರಿಟ್ಟಿದ್ದಳು. ಅವಳನ್ನು ನೋಡಲು ಬರುವ ತವರಿನವರೆಲ್ಲ ಅದರ ಮೇಲೆಯೇ ಕೂರುವುದು. ಈಗ ಅದು ವಾಪಸು ವ್ಯಾನಿಗೆ ಹೋಗಬೇಕಾಯಿತು. ಅಣ್ಣ ನಟ್ಟು ಬಿಗಿಯುತ್ತಿದ್ದರೆ ಭಾಬಿ ಬಾಗಿಲಲ್ಲಿ ನಿಂತು ‘ಕವರ ತಗೀಬ್ಯಾಡ್ರಿ, ಹೊಲಸಾಗ್ತೈತಿ’ ಎಂದು ಎಚ್ಚರಿಸುತ್ತಿದ್ದಳು. ಹೀಗೆ ನಮ್ಮ ಮನೆಯ ಸೋಫಾ ಕೂಡ ಪ್ರವಾಸಕ್ಕೆ ಸಿದ್ಧವಾಯಿತು. ಅಂದು ಸಂಜೆ ಬಂದ ನೆಂಟರನ್ನು ನಾವು ವ್ಯಾನಿನಲ್ಲಿ ಕೂರಿಸಿ ಚಹಾ ಕೊಟ್ಟೆವು.

ಇಷ್ಟರಲ್ಲಿ ಸಂತೆ ಕಡೆಯಿಂದ ಒಂದು ಸುದ್ದಿ ಬಂತು. ರಾಯಬಾಗದ ಸಂತೆ ಬಯಲಿನಲ್ಲಿ ಯಾವುದೋ ದೊಡ್ಡ ಸಭೆ, ಪೆಂಡಾಲು ಹಾಕಿದ್ದಾರೆ, ಸಂತೆ ಮರುದಿನಕ್ಕೆ ಹೋಗಿದೆ. ಹೀಗೆ ಆಗುವುದುಂಟು, ನಮ್ಮಂಥವರಿಗೆ ಇದೇನೂ ದೊಡ್ಡ ಮಾತಲ್ಲ. ಅಬ್ಬಾ ‘ಆತು, ನಾಳಿ ರಾಯಬಾಗ’ ಅಂದರು. ಮರುದಿನ ಸೋಫಾದ ಮೇಲೆಯೇ ಗಂಟು ಹೇರಿಕೊಂಡು ಮೂವರೂ ರಾಯಬಾಗಕ್ಕೆ ಹೋದರು. ನಾನೂ ಭಾಬಿಯೂ ದಿನವೆಲ್ಲ ರೊಟ್ಟಿ ಬಡಿದೆವು. ಸಂಜೆ ಬಂದು ಅಬ್ಬಾ ‘ಈ ವಾರ ಇಚಲಕರಂಜಿ ಬಿಟ್ಟ ಬಿಡೂಣು’ ಎಂದು ಉದಾರವಾಗಿ ಕೈಬೀಸಿದರು. ಯಾಕೆ ಬಿಡಬೇಕಾಗಿ ಬಂತು ಎಂದು ಅವರೂ ಯೋಚಿಸಲಿಲ್ಲ, ನಾವೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಒಂದೇ: ರಾಯಬಾಗ ಆಯಿತು, ಇನ್ನು ಅದರ ಮರುದಿನ.

ಬೆಳಗಿನ ನಮಾಜು ಮುಗಿಸಿ ಹೊರಟೆವು. ಕಾಗವಾಡ ದಾಟುವವರೆಗೆ ಅಣ್ಣನ ಮಗಳು ಕಿರುಚುವ ಅಭ್ಯಾಸ ಮಾಡಿದಳು. ಯಾವ ರೀತಿ ಕಿರುಚಿದರೆ ವಿಡಿಯೊದಲ್ಲಿ ಚೆನ್ನಾಗಿ ಕೇಳುತ್ತದೆ ಎಂಬ ಚರ್ಚೆಯಲ್ಲಿ ನಾನೂ ಸೇರಿಕೊಂಡೆ. ಶಿಕ್ಷಕಿಯೆಂಬುದು ಮರೆತೇಹೋಗಿತ್ತು. ಅಮ್ಮೀ ಮಾತ್ರ ಕಿಟಕಿಯಾಚೆ ನೋಡುತ್ತ ‘ನಾ ಏನ ಚೀರಂಗಿಲ್ಲ’ ಅಂದಳು. ‘ಎಲ್ಲಾರೂ ಹಂಗ ಅಂತಾರ’ ಎಂದು ಅಣ್ಣ ಛೇಡಿಸಿದ. ಮಿರಜದ ಆಚೆ ಬುತ್ತಿ ಬಿಚ್ಚಿದೆವು, ಕೊಲ್ಹಾಪುರದ ಆಚೆ ಮತ್ತೊಮ್ಮೆ ಬಿಚ್ಚಿದೆವು. ಹೊರಗಿನ ಊಟ ಒಳಗೆ ಬಿಡುವುದಿಲ್ಲವಾದ್ದರಿಂದ ಎಲ್ಲವನ್ನೂ ದಾರಿಯಲ್ಲೇ ಮುಗಿಸಬೇಕೆಂದು ಭಾಬಿ ಹಟ ಹಿಡಿದಿದ್ದಳು. ಘಾಟಿನ ತಿರುವುಗಳಲ್ಲಿ ಅಬ್ಬಾ ಕಣ್ಣು ಮುಚ್ಚಿಕೊಂಡು ಏನೋ ಪಠಿಸುತ್ತಿದ್ದರು. ಹಗ್ಗ ಪರೀಕ್ಷೆ ಮಾಡುವವರು ಅವರೇ.

ಪಾರ್ಕಿನ ಬಾಗಿಲಲ್ಲಿ ಕಿಟಕಿಯ ಹಿಂದೆ ಒಬ್ಬ ಹುಡುಗಿ ಕುಳಿತಿದ್ದಳು. ನಾನು ಗತ್ತಿನಿಂದ ಫೋನು ಚಾಚಿದೆ. ಅವಳು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಫೋನು ನೋಡಿದಳು.

ಮರಾಠಿಯಲ್ಲಿ ಮೆಲ್ಲಗೆ ಅಂದಳು, ‘ಮ್ಯಾಡಮ್, ಇದು ನಿನ್ನೆಯದು.’

ತಾರೀಖು ನೋಡಿದೆ, ನಿನ್ನೆಯದೇ. ತಿರುಗಿ ಅಬ್ಬಾನಿಗೆ ಹೇಳಿದರೆ ಅವರು ಒಪ್ಪಲೇ ಇಲ್ಲ. ‘ನಿನ್ನಿ ಹೆಂಗ ಆಕ್ಕೈತಿ? ನಿನ್ನಿ ರಾಯಬಾಗ ಇತ್ತಲ್ಲ!’ ಎಂದು ಅವರು ಕಿಟಕಿಯ ಹುಡುಗಿಯನ್ನೇ ಕೇಳಿದರು. ಅವಳಿಗೆ ರಾಯಬಾಗ ಎಂದರೆ ಏನು ತಿಳಿಯಬೇಕು, ಪಾಪ. ಆಗ ನಮಗೆಲ್ಲ ಒಟ್ಟಿಗೇ ಅರ್ಥವಾಯಿತು. ಸಂತೆ ಒಂದು ದಿನ ಮುಂದೆ ಹೋಗಿತ್ತು, ಅದರ ಬಾಲ ಹಿಡಿದುಕೊಂಡು ನಾವೂ ಒಂದು ದಿನ ಮುಂದೆ ಬಂದಿದ್ದೆವು. ಟಿಕೆಟ್ಟು ಮಾತ್ರ ತನ್ನ ಜಾಗದಲ್ಲೇ ಕುಳಿತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಹಳ ಕೆಟ್ಟದ್ದು. ಹುಡುಗಿಯ ಮೇಲೆಯೇ ಹರಿಹಾಯ್ದೆ. ಅಷ್ಟು ಸಣ್ಣಗೆ ತಾರೀಖು ಬರೆಯುವುದು ಯಾವ ನ್ಯಾಯ ಎಂದೆ, ನಾವು ಎಷ್ಟು ದೂರದಿಂದ ಬಂದಿದ್ದೇವೆ ಗೊತ್ತೇ ಎಂದೆ, ನಿಮ್ಮ ಮೇಲಿನವರನ್ನು ಕರೆಯಿರಿ ಎಂದೆ. ಅವಳು ಕಲಿತ ಪಾಠದಂತೆ ‘ನಿಯಮ ಹಾಗಿದೆ’ ಎಂದಳು. ಅಣ್ಣನ ಮಗಳು ಅಳುವುದಕ್ಕೆ ಶುರುಮಾಡಿದಳು. ಅಮ್ಮೀ ಸೀರೆಯ ಅಂಚಿನ ಕೆಳಗೆ ಇಣುಕುತ್ತಿದ್ದ ಟ್ರ್ಯಾಕ್ ಪ್ಯಾಂಟನ್ನು ಕಾಲ ಬೆರಳಿನಿಂದ ಒಳಗೆ ತಳ್ಳಿಕೊಂಡಳು. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದು ಕಣ್ಣು ತುಂಬಿತು.

ಆಗ ಅಮ್ಮೀ ನನ್ನನ್ನು ಸರಿಸಿ ಕಿಟಕಿಯ ಹತ್ತಿರ ಹೋದಳು. ಅವಳ ಮರಾಠಿ ನನ್ನದಕ್ಕಿಂತ ಸಲೀಸು. ಅಂದು ಅವಳು ಆಡಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

‘ತಂಗೀ, ನಾವು ಸಂತ್ಯಾಗ ಅರಬಿ ಮಾರೂ ಮಂದಿ. ನಮ್ಮಲ್ಲಿ ಒಯ್ದದ್ದು ಸೈಜ್ ಆಗಲಿಲ್ಲಂದ್ರ ಬದಲಿ ಕೊಡ್ತೇವಿ. ನಮಗ ಈ ಟಿಕೆಟ್ಟಿನ ದಿನ ಒಂದ ನಂಬರ ಸಣ್ಣದಾತು. ನಿನ್ನಿದು ಹಾಕ್ಕೊಂಡಿಲ್ಲ, ಮಡಚಿದ್ದು ಮಡಚಿದಂಗ ಐತಿ. ವಾಪಸ ತಗೊಂಡು ಇವತ್ತಿಂದು ಕೊಡು.’

ಹುಡುಗಿ ಬಾಯಿ ತೆರೆದುಕೊಂಡು ಕೇಳಿದಳು. ಆಮೇಲೆ ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ, ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಒಳಗೆ ಯಾರಿಗೋ ಅದನ್ನೇ ಹೇಳುವುದೂ, ಆ ಯಾರೋ ಗಟ್ಟಿಯಾಗಿ ನಗುವುದೂ ಕೇಳಿಸಿತು. ನಾವು ಆರು ಜನ ಕಿಟಕಿಗೆ ಅಂಟಿಕೊಂಡು ನಿಂತೆವು. ಅಬ್ಬಾ ನನಗೆ ಪಿಸುಗುಟ್ಟಿದರು, ‘ಬದಲಿ ಕೊಟ್ರ ಚಲೋ ಅಂಗಡಿ ಇದು.’

ಹುಡುಗಿ ಬಂದಳು. ಬದಲಿ ಸಿಕ್ಕಿತ್ತು. ಬರಬೇಕಾಗಿದ್ದ ಒಂದು ಗುಂಪು ಬಂದಿಲ್ಲವಂತೆ, ಅವರ ಜಾಗ ನಮಗೆ. ಒಳಗೆ ಎಲ್ಲರೂ ಹೋಗಬಹುದು, ಆದರೆ ಹಗ್ಗಕ್ಕೆ ಐದೇ ಜನ. ನಾವು ಆರು.

ನಡೆದದ್ದು ಒಂದು ಕ್ಷಣದಲ್ಲಿ. ಯಾರೂ ಅಮ್ಮೀಯ ಕಡೆ ನೋಡಿರಲಿಲ್ಲ, ದೇವರಾಣೆ ನೋಡಿರಲಿಲ್ಲ. ಆದರೂ ಅವಳ ಕೈ ತಾನಾಗಿ ಭಾಬಿಯ ಹೆಗಲಿನ ಚೀಲಕ್ಕೆ ಹೋಯಿತು. ‘ನೀವ ಹೋಗಿ ಬರ್ರಿ, ನಾ ಇಲ್ಲೇ’ ಎನ್ನುವಷ್ಟರಲ್ಲಿ ಅಬ್ಬಾ ಚೀಲದ ಇನ್ನೊಂದು ಬಾರು ಹಿಡಿದರು.

‘ಬಿಡು ಇದನ್ನ.’

‘ನೀವು ಹಗ್ಗ ನೋಡಾವ್ರ ಇದ್ರೆಲ್ಲ.’

‘ವ್ಯಾನಿನ ಮ್ಯಾಲ ಇಷ್ಟ ವರ್ಷ ಹಗ್ಗ ಬಿಗದಾಕಿ ನೀ. ಗಟ್ಟಿ ಐತೋ ಇಲ್ಲೋ ನೀನ ನೋಡ್ಕೋ’ ಎಂದರು ಅಬ್ಬಾ. ‘ನನಗ ಮೊಳಕಾಲ ನೋಯಾಕತ್ತೈತಿ.’

ಅವರ ಮೊಳಕಾಲು ಆವತ್ತಿನವರೆಗೂ ನೋವು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅಮ್ಮೀ ಒಂದೆರಡು ಸಲ ಚೀಲ ಎಳೆದಳು. ಅಬ್ಬಾ ಬಿಡಲಿಲ್ಲ. ಕೊನೆಗೆ ಅವಳು ಬಿಟ್ಟಳು. ಕೆಳಗೆ ಒಂದು ನೇರಳೆ ಮರ, ಮರಕ್ಕೊಂದು ಕಟ್ಟೆ. ಅಬ್ಬಾ ಕಟ್ಟೆಯ ಮೇಲೆ ಕುಳಿತು ‘ತರ್ರಿ, ತರ್ರಿ’ ಎಂದು ಎಲ್ಲರ ಚೀಲವನ್ನೂ ಚಪ್ಪಲಿಯನ್ನೂ ಕರೆದು ತೆಗೆದುಕೊಂಡರು. ಹಗ್ಗಕ್ಕೆ ಹೋಗುವವರಿಗೆ ಬೂಟು ಪಾರ್ಕಿನವರೇ ಕೊಡುತ್ತಾರಂತೆ. ಹೆಂಗಸರ ಕೋಣೆಗೆ ಹೋಗಿ ಸೀರೆ ಬಿಚ್ಚಿ, ಭಾಬಿಯ ಟಾಪು ಹಾಕಿಕೊಂಡು ಬಂದ ಅಮ್ಮೀ ಸೀರೆಯನ್ನೂ ಮಡಚಿ ಅವರ ಕೈಗೆ ಕೊಟ್ಟಳು.

ಮೇಲಿನ ಅಟ್ಟಣೆಗೆಯಲ್ಲಿ ಗಾಳಿ ಜೋರಾಗಿತ್ತು. ಮೊದಲು ಅಣ್ಣ ಹೋದ, ಆಮೇಲೆ ಅವನ ಮಗಳು. ಅಭ್ಯಾಸ ಮಾಡಿಕೊಂಡು ಬಂದ ಕಿರುಚಾಟವೆಲ್ಲ ಮರೆತು ಅವಳು ಬರೀ ‘ಅಯ್ಯಯ್ಯಯ್ಯೋ’ ಎಂದಳು. ಭಾಬಿ ಹೋಗುವಾಗ ಸೋಫಾ ಕವರಿನ ಮೇಲೆ ಮೊಸರು ಚೆಲ್ಲಿದೆ ಎಂದು ನನಗೆ ಹೇಳುತ್ತಲೇ ಮಾಯವಾದಳು. ಆಮೇಲೆ ಅಮ್ಮೀ. ಹೆಲ್ಮೆಟ್ಟು, ಸ್ಕಾರ್ಫು, ಬೆಲ್ಟು. ಅವಳು ಹಗ್ಗವನ್ನು ಒಮ್ಮೆ ಕೈಯಿಂದ ಜಗ್ಗಿ ನೋಡಿದಳು. ‘ಗಟ್ಟಿ ಐತಿ’ ಎಂದು ನನಗೆ ಹೇಳಿದಳು.

ಕೆಲಸದವನು ಬಿಟ್ಟ. ಅಮ್ಮೀ ಹೋದಳು. ಕಣಿವೆಯ ಮೇಲೆ, ಎಲ್ಲ ಹಸಿರಿನ ಮೇಲೆ, ಎರಡು ಬಿಳಿ ಪಟ್ಟಿಯ ಕರಿ ಪ್ಯಾಂಟಿನಲ್ಲಿ ನನ್ನ ತಾಯಿ ಗಾಳಿಯಲ್ಲಿ ಹೋಗುತ್ತಿದ್ದಳು. ಮೊದಲು ಸದ್ದೇ ಇಲ್ಲ. ಆಮೇಲೆ ಕಣಿವೆಯ ನಡುವಿನಿಂದ, ಅಥಣಿ ಸಂತೆಯ ಆ ತುದಿಗೂ ಕೇಳುವಂಥ ಗಂಟಲಿನಲ್ಲಿ, ಅವಳ ಬಾಯಿಗೆ ಬರುವ ಒಂದೇ ಒಂದು ಕೂಗು ಬಂತು.

‘ಬರ್ರೆವಾ ಬರ್ರೀ! ನೋಡಾಕೇನ ರೊಕ್ಕ ಇಲ್ರೀ!’

ಗುಡ್ಡಗಳು ಅದನ್ನು ಮತ್ತೊಮ್ಮೆ ಕೂಗಿದವು. ಅದು ಮುಗಿಯುವುದರೊಳಗೆ ಕೆಳಗಿನ ನೇರಳೆ ಮರದ ಬುಡದಿಂದ, ರೂಢಿಯಂತೆ, ಇನ್ನೊಂದು ಪಾಲು ಎದ್ದಿತು.

‘ಒಯ್ದ ನೋಡ್ರೀ! ಆಗದಿದ್ರ ಬದಲಿ ಐತ್ರೀ!’

ಬೆಲ್ಟು ಬಿಗಿಯುತ್ತಿದ್ದವನು ಏನಾಯಿತೆಂದು ಗಾಬರಿಯಿಂದ ಕೆಳಗೆ ಇಣುಕಿದ. ನಾನು ನಗುತ್ತಿದ್ದೆ, ಅಳುತ್ತಲೂ ಇದ್ದೆ, ಅವನಿಗೆ ಏನು ಹೇಳಲಿ? ಈರುಳ್ಳಿ ಸಾಲಿನಿಂದ ಸುತ್ತಿ ಹೋಗುತ್ತಿದ್ದ ಹುಡುಗಿ ನಾನು. ನನ್ನ ಸರದಿ ಬಂದಾಗ ನಾನೂ ಅದನ್ನೇ ಕೂಗಿಕೊಂಡು ಹೋದೆ.

ನಾವೆಲ್ಲ ಇಳಿದು ಬರುವಾಗ ಅಬ್ಬಾ ಕಟ್ಟೆಯ ಮೇಲೆ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಹರವಿದ್ದರು. ಅಮ್ಮೀಯ ಜೋಡಿ ಮಾತ್ರ ಸಾಲಿನಲ್ಲಿರಲಿಲ್ಲ. ಅದನ್ನು ಮಡಚಿದ ಸೀರೆಯ ಜೊತೆ ತಮ್ಮ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಅಮ್ಮೀ ಕೆನ್ನೆ ಕೆಂಪಗೆ ಮಾಡಿಕೊಂಡು ಬಂದು ಅವರ ಮುಂದೆ ನಿಂತಳು. ಅಬ್ಬಾ ಚಪ್ಪಲಿಯನ್ನು ಅವಳ ಕಾಲ ಹತ್ತಿರ ಇಟ್ಟು, ಸಂತೆಯಲ್ಲಿ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದರು.

‘ಸಣ್ಣದಾತೋ ದೊಡ್ಡದಾತೋ?’

‘ಬರೋಬ್ಬರಿ ಆತು’ ಅಂದಳು ಅಮ್ಮೀ. ‘ಬದಲಿ ಬ್ಯಾಡ.’